ಮೊದಲು ಬಿಡೋದು ಕಲಿಸಿ, ಹಿಡಿಯೋದು ಆಮೇಲೆ

ಚಿಕ್ಕಮಗಳೂರಿನಲ್ಲಿ ಮನೆಮನೆಗೆ ಹೋಗಿ ನಾಯಿಗಳಿಗೆ ಟ್ರೈನಿಂಗ್ ಕೊಡುವುದು ನನ್ನ ಕೆಲಸ. ಊರೊಳಗೆ ಕಲ್ಯಾಣನಗರ, ಜಯನಗರದ ಮನೆಗಳು. ಊರಾಚೆ ಆಲ್ದೂರು, ಮಲ್ಲಂದೂರು ಕಡೆಯ ತೋಟಗಳು. ಚಿಕ್ಕ ಮಕ್ಕಳಿರುವ ಮನೆಯವರು ಫೋನ್ ಮಾಡಿದರೆ ಬೇಡಿಕೆ ಹೆಚ್ಚುಕಮ್ಮಿ ಒಂದೇ. "ನಾಯಿ ನಮ್ಮ ಮಾತು ಕೇಳುತ್ತೆ ಸಾರ್. ಮಗನ ಮಾತೂ ಕೇಳೋ ಹಾಗೆ ಮಾಡಿಕೊಡಿ, ಸಂಜೆ ಅವನೇ ವಾಕಿಂಗ್ ಕರ್ಕೊಂಡು ಹೋಗ್ಲಿ."

ಹೋಗಿ ನೋಡಿದರೆ ಗೇಟಿನ ಹತ್ತಿರ ಅಮ್ಮ ನಿಂತಿರುತ್ತಾರೆ. ಮಗು ಲೀಶ್, ಅಂದರೆ ನಾಯಿಗೆ ಕಟ್ಟಿದ ಹಗ್ಗ, ಹಿಡಿದು ಹೊರಗೆ ಕಾಲಿಡುತ್ತದೆ. ಅಮ್ಮ ಹಿಂದಿನಿಂದ ಕೂಗುತ್ತಾರೆ: "ಗಟ್ಟಿಯಾಗಿ ಹಿಡ್ಕೋ ಪುಟ್ಟಾ, ಏನೇ ಆದ್ರೂ ಬಿಡ್ಬೇಡ!"

ಈ ಕೆಲಸದಲ್ಲಿ ನಾನು ಹೆಚ್ಚಾಗಿ ತಿದ್ದುವುದು ನಾಯಿಯನ್ನಲ್ಲ, ಈ ಒಂದು ಮಾತನ್ನು.

ಲೆಕ್ಕ ಸುಲಭ. ಏಳು ವರ್ಷದ ಮಗು ಸುಮಾರು 20ರಿಂದ 25 ಕೆಜಿ ತೂಗುತ್ತದೆ. ಬೆಳೆದ ಲ್ಯಾಬ್ರಡಾರ್ 25ರಿಂದ 36 ಕೆಜಿ. ಜರ್ಮನ್ ಶೆಫರ್ಡ್ ಗಂಡಾದರೆ 40 ಕೆಜಿವರೆಗೂ ಹೋಗುತ್ತದೆ. ಜೊತೆಗೆ ನಾಯಿಗೆ ನಾಲ್ಕು ಕಾಲು, ನೆಲ ಕಚ್ಚಿ ಹಿಡಿಯುವ ಉಗುರು. ಮಗುವಿಗೆ ಎರಡೇ ಕಾಲು, ಅದೂ ನಮ್ಮೂರಲ್ಲಿ ಹೆಚ್ಚಿನ ಸಲ ಹವಾಯಿ ಚಪ್ಪಲಿಯಲ್ಲಿ. ಬೆಕ್ಕು ಕಂಡು ನಾಯಿ ಒಮ್ಮೆ ಹಾರಿದರೆ ಗಟ್ಟಿಯಾಗಿ ಹಿಡಿದ ಮಗು ಮುಖ ಅಡಿಯಾಗಿ ಬೀಳುತ್ತದೆ. ಅಮ್ಮ ಹೇಳಿದ್ದಾಳಲ್ಲ ಅಂತ ಬಿದ್ದ ಮೇಲೂ ಬಿಡುವುದಿಲ್ಲ. ನಾಯಿ ಮಗುವನ್ನು ಹಾಗೇ ರಸ್ತೆಗೆ ಎಳೆದುಕೊಂಡು ಹೋಗುತ್ತದೆ. ಮಾತು ಕೇಳುವ ಮಕ್ಕಳಿಗೇ ಜಾಸ್ತಿ ಪೆಟ್ಟು. ಹೇಳಿದ್ದು ಕೇಳದ ತುಂಟ ಮಕ್ಕಳು ಕೈಬಿಟ್ಟು ಪಾರಾಗುತ್ತಾರೆ, ತಮಾಷೆ ಅಂದ್ರೆ ಇದೇ.

ಆದ್ದರಿಂದ ಮೊದಲ ದಿನ ನಾಯಿಯನ್ನು ಒಳಗೇ ಇರಿಸುತ್ತೇನೆ. ಮಗುವಿನ ಕೈಗೆ ಲೀಶ್ ಕೊಟ್ಟು ಇನ್ನೊಂದು ತುದಿ ನಾನೇ ಹಿಡಿಯುತ್ತೇನೆ. ಅಂಗಳದಲ್ಲಿ ಇಬ್ಬರೂ ನಡೆಯುತ್ತೇವೆ. ನಡುವೆ ಯಾವಾಗಲೋ "ಬಿಡು!" ಅಂತೇನೆ. ಬೆರಳು ಐದೂ ಒಟ್ಟಿಗೆ ಬಿಚ್ಚಬೇಕು, ಅಲ್ಲೇ ನಿಲ್ಲಬೇಕು. ಮೊದಮೊದಲು ಯಾವ ಮಗುವೂ ಬಿಡುವುದಿಲ್ಲ. ನನ್ನ ಮುಖ ನೋಡುತ್ತದೆ, ಆಮೇಲೆ ಅಮ್ಮನ ಮುಖ ನೋಡುತ್ತದೆ, ಅಷ್ಟರಲ್ಲಿ ಎರಡು ಸೆಕೆಂಡ್ ಹೋಗಿರುತ್ತದೆ. ಆ ಎರಡು ಸೆಕೆಂಡ್ ಇಲ್ಲದಂತೆ ಮಾಡುವುದೇ ಈ ಪಾಠ. ಆಟ ಅಂತ ಗೊತ್ತಾದ ಮೇಲೆ ಬೇಗ ಕಲಿಯುತ್ತಾರೆ. ಆಮೇಲೆ ಪಾತ್ರ ಬದಲು. ಮಗು ನಾಯಿ ಆಗುತ್ತದೆ, ಅಪ್ಪ ಲೀಶ್ ಹಿಡಿಯುತ್ತಾರೆ. ಅಪ್ಪ ಸುಮ್‌ಸುಮ್ನೆ ಜಗ್ಗಿದರೆ ಹೇಗಿರುತ್ತದೆ ಅಂತ ಮಗುವಿಗೆ ತಾನಾಗೇ ಗೊತ್ತಾಗುತ್ತದೆ. ನಾಯಿಯನ್ನು ಜಗ್ಗಬೇಡ ಅಂತ ಬೇರೆ ಹೇಳುವ ಅಗತ್ಯವೇ ಬೀಳುವುದಿಲ್ಲ.

"ಮಗು ಬಿಟ್ಟರೆ ನಾಯಿ ಓಡಿ ಹೋಗಲ್ವಾ?" ಈ ಪ್ರಶ್ನೆ ಬಂದೇ ಬರುತ್ತದೆ. ಹೋಗಲ್ಲ, ಯಾಕಂದ್ರೆ ನಾಯಿಗೆ ಎರಡು ಲೀಶ್ ಇರಬೇಕು. ಒಂದು ದೊಡ್ಡವರ ಕೈಯಲ್ಲಿ, ಇನ್ನೊಂದು ಮಗುವಿನ ಕೈಯಲ್ಲಿ. ನಾಯಿಯನ್ನು ನಿಜವಾಗಿ ಹಿಡಿದಿರುವುದು ದೊಡ್ಡವರು. ಮಗು ಜೊತೆಗೆ ನಡೆಸುತ್ತದೆ, ಅಷ್ಟೇ.

ಕಟ್ಟುವ ರೀತಿಯಲ್ಲಿ ಜನ ಎಡವುತ್ತಾರೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕುತ್ತಿಗೆ ಬೆಲ್ಟಿನ ಬದಲು ಎದೆಗೆ ಹಾಕುವ ಹಾರ್ನೆಸ್ ತನ್ನಿ. ಎದೆ ಮುಂದೆ ಒಂದು ರಿಂಗ್, ಬೆನ್ನ ಮೇಲೆ ಒಂದು ರಿಂಗ್ ಇರುವಂಥದ್ದು. ದೊಡ್ಡವರ ಲೀಶ್ ಎದೆಯ ರಿಂಗಿಗೆ. ನಾಯಿ ಮುಂದೆ ನುಗ್ಗಿದರೆ ಅದರ ಮೈ ನಿಮ್ಮ ಕಡೆ ತಿರುಗುತ್ತದೆ, ಎಳೆಯುವ ಜೋರು ಅರ್ಧ ಅಲ್ಲೇ ಮುಗಿಯುತ್ತದೆ. ಮಗುವಿನ ಲೀಶ್ ಬೆನ್ನಿನ ರಿಂಗಿಗೆ. ಈಗ ಮುಖ್ಯ ವಿಷಯ: ದೊಡ್ಡವರ ಲೀಶ್ ಗಿಡ್ಡ ಇರಬೇಕು, ಮಗುವಿನದು ಉದ್ದ. ನಾಲ್ಕು ಅಡಿ ಒಂದು, ಆರು ಅಡಿ ಒಂದು ಸಾಕು. ನಾಯಿ ಹಾರಿದಾಗ ಮೊದಲು ಬಿಗಿಯಾಗುವುದು ನಿಮ್ಮದು, ಮಗುವಿನ ಕೈಯಲ್ಲಿರುವುದು ಸಡಿಲವಾಗೇ ಇರುತ್ತದೆ. ಬಹಳ ಮನೆಯಲ್ಲಿ ಇದು ಉಲ್ಟಾ. ಮಗು ಚಿಕ್ಕದು ಅಂತ ಚಿಕ್ಕ ಲೀಶ್ ಕೊಟ್ಟಿರುತ್ತಾರೆ. ಎರಡು ಲೀಶ್ ಕಟ್ಟಿಯೂ ಪೂರ್ತಿ ಭಾರ ಮಗುವಿನ ತೋಳಿಗೇ ಬೀಳುತ್ತದೆ.

ಲೀಶ್ ಚಪ್ಪಟೆ ನೈಲಾನ್ ಅಥವಾ ಹತ್ತಿಯದ್ದಾಗಲಿ. ಕಬ್ಬಿಣದ ಚೈನ್ ಮಕ್ಕಳ ಕೈಗೆ ಬೇಡ, ಜಾರಿದರೆ ಅಂಗೈ ಚರ್ಮ ಕಿತ್ತು ಬರುತ್ತದೆ. ಗುಂಡಿ ಒತ್ತಿದರೆ ಉದ್ದ ಆಗುವ ರೋಲ್ ಲೀಶ್ ಈಗ ಆನ್‌ಲೈನ್‌ನಲ್ಲಿ ಸಿಗುತ್ತದೆ, ಮಕ್ಕಳಿಗೆ ಬಲು ಇಷ್ಟ. ದಯವಿಟ್ಟು ತರಬೇಡಿ. ಆ ತೆಳು ದಾರ ಬೆರಳಿಗೋ ಕಾಲಿಗೋ ಸುತ್ತಿಕೊಂಡರೆ ಬ್ಲೇಡ್ ಎಳೆದ ಹಾಗೆ ಕೊಯ್ಯುತ್ತದೆ. ಲೀಶಿನ ಕುಣಿಕೆಯನ್ನು ಮಣಿಕಟ್ಟಿಗೆ ತೂರಿಸಿಕೊಳ್ಳುವುದು, ಅಂಗೈಗೆ ಎರಡು ಸುತ್ತು ಸುತ್ತಿಕೊಳ್ಳುವುದು ಕೂಡ ಬೇಡವೇ ಬೇಡ. ಬೆರಳು ಮುರಿಯುವುದು ಹೀಗೇ. ಲೀಶನ್ನು ಮುಷ್ಟಿಯಲ್ಲಿ ಹಿಡಿಯಲಿ. ಬಿಟ್ಟ ತಕ್ಷಣ ಪೂರ್ತಿ ಕಳಚಿ ಹೋಗುವಂತಿರಲಿ.

ಮಲ್ಲಂದೂರು ಕಡೆಯ ಒಂದು ತೋಟದಲ್ಲಿ ಇದನ್ನೆಲ್ಲ ಹೇಳಿಕೊಡುತ್ತಿದ್ದಾಗ ಅಜ್ಜ ಒಬ್ಬರು ಜಗಲಿ ಮೇಲೆ ಕೂತು ನೋಡುತ್ತಿದ್ದರು. "ಅಲ್ಲ ಮಾರಾಯ, ನಮ್ಮ ಕಾಲದಲ್ಲಿ ಮಕ್ಕಳು ನಾಯಿ ಒಟ್ಟಿಗೇ ತೋಟ ಸುತ್ತುತ್ತಿದ್ವಿ. ಯಾವ ಹಗ್ಗ, ಯಾವ ಬೆಲ್ಟು?" ಅಂದರು. ಅವರು ಹೇಳಿದ್ದು ಸರಿಯೇ. ಬಿಟ್ಟ ನಾಯಿ ಮಗುವನ್ನು ಎಳೆಯುವುದಿಲ್ಲ. ಅಪಾಯ ಶುರುವಾಗುವುದು ಇಬ್ಬರನ್ನೂ ಒಂದೇ ಹಗ್ಗಕ್ಕೆ ಕಟ್ಟಿದಾಗ. ಆದರೆ ಆಗ ತೋಟದ ರಸ್ತೆಯಲ್ಲಿ ಇಷ್ಟು ಗಾಡಿ ಇರಲಿಲ್ಲ, ಹೋಂಸ್ಟೇ ಹುಡುಕಿಕೊಂಡು ಮ್ಯಾಪ್ ನೋಡುತ್ತಾ ಬರುವ ಕಾರುಗಳಂತೂ ಇರಲೇ ಇಲ್ಲ. ಅಜ್ಜನಿಗೆ ಹಾಗೇ ಹೇಳಿದೆ. ಒಪ್ಪಿದರೋ ಇಲ್ಲವೋ, ಕಾಫಿ ಕೊಡಿಸಿದರು.

ತೋಟದ ಮನೆಗಳಿಗೆ ಇನ್ನೊಂದು ಮಾತಿದೆ. ಮಕ್ಕಳ ವಾಕಿಂಗ್ ಬೆಳಕಿರುವಾಗಲೇ, ಮನೆ ಸುತ್ತಲೇ. ಮಬ್ಬು ಬೆಳಕಿನಲ್ಲಿ ಕಾಫಿ ಗಿಡದ ಮಧ್ಯೆ ನಾಯಿ ಜೊತೆ ಮಗುವನ್ನು ಕಳಿಸಬೇಡಿ. ಚಿರತೆಗೆ ನಾಯಿ ಅಂದರೆ ಪ್ರಾಣ, ಇದು ನಮ್ಮ ಕಡೆ ಯಾರಿಗೂ ಹೊಸ ವಿಷಯವಲ್ಲ. ಆಲ್ದೂರು, ಮೂಡಿಗೆರೆ ಕಡೆ ಆನೆ ಬೇರೆ. ನಾಯಿ ಆನೆ ಕಂಡರೆ ಬೊಗಳುತ್ತಾ ಮುಂದೆ ಹೋಗುತ್ತದೆ, ಆನೆ ತಿರುಗಿದ ಕೂಡಲೇ ಬಾಲ ಮಡಚಿ ಓಡಿ ಬರುವುದು ಯಜಮಾನನ ಹತ್ತಿರವೇ. ಹಿಂದೆ ಆನೆಯೂ ಬರುತ್ತದೆ. ತೋಟದಲ್ಲಿ ಅಭ್ಯಾಸಕ್ಕೆ ಒಳ್ಳೆಯ ಜಾಗ ಅಂದರೆ ಕಾಫಿ ಒಣಗಿಸುವ ಕಣ. ಸಮತಟ್ಟಾಗಿದೆ, ಗಾಡಿ ಇಲ್ಲ, ನಾಲ್ಕು ಕಡೆ ಕಾಣುತ್ತದೆ. ಕೊಯ್ಲಿನ ಸಮಯದಲ್ಲಿ ಕಾಫಿ ಹರಡಿರುತ್ತಾರೆ, ಆಗ ಕಾಲಿಟ್ಟರೆ ತೋಟದ ಲೆಕ್ಕ ನೋಡುವ ರೈಟರ್ ಬೈಯುತ್ತಾರೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಆಗಲೂ ಬೇಡ.

ಊರೊಳಗೆ ತೊಂದರೆ ಬೀದಿನಾಯಿಗಳದ್ದು. ಬೆಲ್ಟ್ ಹಾಕಿದ ನಾಯಿ ತಮ್ಮ ಬೀದಿಗೆ ಬಂದರೆ ನಾಲ್ಕಾರು ಸೇರಿ ಬೊಗಳುತ್ತಾ ಬರುತ್ತವೆ. ಮಗುವಿಗೆ ಓಡಬೇಕು ಅನಿಸುತ್ತದೆ, ಓಡಿದರೆ ಅಟ್ಟಿಸಿಕೊಂಡು ಬರುತ್ತವೆ. ನಾನು ಹೇಳಿಕೊಡುವುದು ಇಷ್ಟೇ: ಲೀಶ್ ಬಿಡು, ಕೈ ಎರಡೂ ಮೈಗೆ ಅಂಟಿಸು, ನೆಲ ನೋಡು, ಸಿಲ್ವರ್ ಓಕ್ ಮರ ಆಗಿಬಿಡು. ಮುಂದಿನದನ್ನು ದೊಡ್ಡವರು ನೋಡಿಕೊಳ್ಳುತ್ತಾರೆ. ನೀವು ನಾಯಿಗಳ ಮತ್ತು ಮಗುವಿನ ನಡುವೆ ನಿಂತು, ನಿಮ್ಮ ನಾಯಿಯನ್ನು ಹತ್ತಿರ ಎಳೆದುಕೊಂಡು, ಬಂದ ದಾರಿಯಲ್ಲೇ ನಿಧಾನ ಹಿಂದೆ ಸರಿಯಿರಿ. ಕಚ್ಚಾಟ ಶುರುವಾದರೆ ನಡುವೆ ಕೈ ಹಾಕಬೇಡಿ. ಮಗುವಂತೂ ಖಂಡಿತ ಹಾಕಬಾರದು. ತನ್ನ ನಾಯಿಯನ್ನು ಬಿಡಿಸಲು ಹೋಗಿ ತನ್ನ ನಾಯಿಯಿಂದಲೇ ಕಚ್ಚಿಸಿಕೊಳ್ಳುವ ಮಕ್ಕಳಿದ್ದಾರೆ.

ಕಚ್ಚಿದರೆ, ಪರಚಿದರೆ, ಅದು ಮನೆ ನಾಯಿಯೇ ಆಗಿರಲಿ, ನಲ್ಲಿ ನೀರು ಬಿಟ್ಟು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವ ರೇಬಿಸ್ ಇಂಜೆಕ್ಷನ್ ಆದರೆ ಮೊದಲ ದಿನ (ಅದು ಸೊನ್ನೆ ಅಂತ ಲೆಕ್ಕ), ಆಮೇಲೆ 3, 7, 28ನೇ ದಿನ. ಸ್ನಾಯುವಿಗೆ ಕೊಟ್ಟರೆ 14ನೇ ದಿನವೂ ಸೇರುತ್ತದೆ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯಕ್ಕೇ ಕೊಡುವ ಇನ್ನೊಂದು ಔಷಧಿ ಇದೆ, ಡಾಕ್ಟರ್ ಹೇಳಿದರೆ ಬೇಡ ಅನ್ನಬೇಡಿ. ರೇಬಿಸ್ ಶಂಕೆಯ ಪ್ರಾಣಿ ಕಚ್ಚಿದವರಲ್ಲಿ ಶೇ. 40ರಷ್ಟು ಜನ 15 ವರ್ಷದೊಳಗಿನ ಮಕ್ಕಳು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಾನು ಕಂಡಂತೆ ಮಕ್ಕಳು ಪರಚಿದ್ದನ್ನು ಮುಚ್ಚಿಡುತ್ತಾರೆ. ಹೇಳಿದರೆ ನಾಯಿಯನ್ನು ಎಲ್ಲಿಗೋ ಬಿಟ್ಟು ಬರುತ್ತಾರೆ ಅನ್ನೋ ಭಯ. "ಹೇಳಿದರೆ ಯಾರೂ ಬೈಯಲ್ಲ, ಟಾಮಿ ಎಲ್ಲೂ ಹೋಗಲ್ಲ" ಅಂತ ಮಗುವಿಗೆ ಮೊದಲೇ ಹೇಳಿಡಿ.

ಇನ್ನು ಸಣ್ಣಪುಟ್ಟದ್ದು. ನಾಯಿಯನ್ನು ಮೊದಲು ನೀವೇ ಒಂದು ಸುತ್ತು ಕರೆದುಕೊಂಡು ಹೋಗಿ ಬನ್ನಿ. ಬೆಳಗಿಂದ ಕಟ್ಟಿಹಾಕಿದ ನಾಯಿಯ ಮೊದಲ ಹತ್ತು ನಿಮಿಷ ಮಗುವಿಗೆ ಬೇಡ. ಉಚ್ಚೆ, ಕಕ್ಕ ಮಾಡಿ, ಮೂಸಿ, ಸುಸ್ತಾದ ಮೇಲೆ ಮಗು ಸೇರಿಕೊಳ್ಳಲಿ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಗಾಡಿ ಓಡಾಡುವ ಕಡೆ ನೀವು, ನಡುವೆ ನಾಯಿ, ಅಂಚಿನಲ್ಲಿ ಮಗು. ಕಾಲಿಗೆ ಸ್ಕೂಲ್ ಶೂ ಸಾಕು. ಏಪ್ರಿಲ್ ಮಧ್ಯಾಹ್ನ ಟಾರ್ ರಸ್ತೆ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ. ಏಳು ಸೆಕೆಂಡ್ ತಡೆಯಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ.

ಎಷ್ಟನೇ ವಯಸ್ಸಿಗೆ ಒಬ್ಬರನ್ನೇ ಕಳಿಸಬಹುದು ಅಂತ ಕೇಳುತ್ತಾರೆ. ನಾನು ವಯಸ್ಸು ಹೇಳುವುದಿಲ್ಲ. ಐದು ವರ್ಷದೊಳಗಿನವರಿಗೆ ಲೀಶಿನ ತುದಿ ಮುಟ್ಟಿಸಿದರೆ ಸಾಕು, ಅವರಿಗೆ ಅದೇ ಹಬ್ಬ. ಪ್ರೈಮರಿ ಸ್ಕೂಲ್ ಮಕ್ಕಳಿಗೆ ಎರಡು ಲೀಶ್, ಪಕ್ಕದಲ್ಲಿ ದೊಡ್ಡವರು. ಹೈಸ್ಕೂಲಿಗೆ ಬಂದ ಮೇಲೆ ನಾಯಿ ಚಿಕ್ಕದು, ಸಮಾಧಾನದ್ದು, ಗೊತ್ತಿರುವ ಬೀದಿ ಅಂತಾದರೆ ಒಬ್ಬರೇ ಹೋಗಲಿ. ರಾಟ್‌ವೀಲರ್ ಇದ್ದರೆ ಹೈಸ್ಕೂಲ್ ಆದರೂ ನಾನು ಒಪ್ಪುವುದಿಲ್ಲ. ಎಷ್ಟೋ ಅಪ್ಪಂದಿರಿಗೆ ಇದು ಹಿಡಿಸುವುದಿಲ್ಲ, ಆಗಲಿ.

ಬೇಸಿಗೆ ರಜೆಗೆ ಬೆಂಗಳೂರಿನಿಂದ ಅತ್ತೆ ಮಕ್ಕಳು, ಚಿಕ್ಕಮ್ಮನ ಮಕ್ಕಳು ಬಂದಾಗ ಮಾತ್ರ ಲೆಕ್ಕ ಪೂರ್ತಿ ಬೇರೆ. ಮನೆ ಮಗು ಕಲಿತಿದೆ, ಬಂದವರು ಕಲಿತಿಲ್ಲ. "ನಂಗೂ ಕೊಡು, ನಂಗೂ ಕೊಡು" ಅಂತ ನಾಲ್ಕು ಕೈ ಒಂದೇ ಲೀಶಿಗೆ ಬೀಳುತ್ತದೆ. ಆ ಹದಿನೈದು ದಿನ ಎರಡನೇ ಲೀಶನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ನೆಂಟರ ಮಕ್ಕಳಿಗೆ ಬಿಸ್ಕೆಟ್ ಹಾಕುವ ಕೆಲಸ ಕೊಡಿ, ಅದೂ ಕೈಯಲ್ಲಿ ಬೇಡ, ತಟ್ಟೆಯಲ್ಲಿ.