ತಲೆಕೆಳಗಾದ ಆರು ಸಿಲಿಂಡರ್, ಒಂದು ಸೂಪರ್‌ಚಾರ್ಜರ್: ಪ್ರಾಜೆಕ್ಟ್ ಎಲ್ಲಿಗೆ ಬಂತು

ಪಿಸ್ಟನ್‌ಗಳ ಬಲದಿಂದ ತಿರುಗುವ ಕ್ರ್ಯಾಂಕ್‌ಶಾಫ್ಟ್ ಮೇಲೆ, ಸಿಲಿಂಡರ್‌ಗಳು ಕೆಳಗೆ. ಒಂದರ ಹಿಂದೆ ಒಂದರಂತೆ ಆರು, ಎಲ್ಲವೂ ಗಾಳಿಯಿಂದಲೇ ತಣ್ಣಗಾಗಬೇಕು. ಹಿಂದೆ, ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಒಂದು ಸೂಪರ್‌ಚಾರ್ಜರ್. ಇಂಥ ವಿಮಾನ ಎಂಜಿನ್ ಒಂದನ್ನು ಮೊದಲು ಲೆಕ್ಕದಲ್ಲಿ, ಆಮೇಲೆ ಕಂಪ್ಯೂಟರ್ ಡ್ರಾಯಿಂಗ್‌ನಲ್ಲಿ ಪೂರ್ತಿ ಕಟ್ಟಿ, ಕೊನೆಗೆ ಒಳಗಿನದ್ದೆಲ್ಲ ಕಾಣುವ ಹಾಗೆ ಸೀಳಿದ ಮಾದರಿಯಾಗಿ ಪ್ರಿಂಟ್ ಮಾಡುವುದು ನನ್ನ ಪ್ರಾಜೆಕ್ಟ್. ಸೂಪರ್‌ಚಾರ್ಜರ್ ಲೆಕ್ಕ ಈಗ ಕೂತಿದೆ. ಅದರೊಳಗಿನ ತಿರುಗುವ ಚಕ್ರದ, ಅಂದರೆ ಇಂಪೆಲ್ಲರ್‌ನ, ಡ್ರಾಯಿಂಗ್ ಮುಗಿದಿದೆ. ತಣಿಸುವ ಗಾಳಿಯ ದಾರಿ ಇನ್ನೂ ನಡೆಯುತ್ತಿದೆ. ಈ ಎಂಜಿನ್ ಎಷ್ಟು ಶಕ್ತಿ ಕೊಡಬಹುದು ಅನ್ನುವುದನ್ನು ತೀರ್ಮಾನಿಸುವುದು ಆ ದಾರಿಯೇ ಅಂತ ನನಗೆ ಈಗ ಖಾತ್ರಿಯಾಗಿದೆ.

ಹೊಸದಾಗಿ ಓದುವವರಿಗೆ ಒಂದು ಮಾತು. ಎಂಜಿನ್ನನ್ನು ತಲೆಕೆಳಗು ಮಾಡುವುದು ಚಂದಕ್ಕಲ್ಲ. ಕ್ರ್ಯಾಂಕ್ ಮೇಲೆ ಹೋದರೆ ಪ್ರೊಪೆಲ್ಲರ್ ಕೂಡ ಮೇಲೆ ಹೋಗುತ್ತದೆ, ನೆಲಕ್ಕೂ ಅದಕ್ಕೂ ಜಾಗ ಸಿಗುತ್ತದೆ. ಸಿಲಿಂಡರ್ ಹೆಡ್‌ಗಳು ಪೈಲಟ್ ಕಣ್ಣಿಗೆ ಅಡ್ಡ ಬರುವುದಿಲ್ಲ. ಮೂತಿ ಸಣ್ಣಗೆ, ಕಿರಿದಾಗಿ ಉಳಿಯುತ್ತದೆ. 1930ರ ದಶಕದಲ್ಲಿ ಇಂಗ್ಲೆಂಡಿನ ಡಿ ಹ್ಯಾವಿಲ್ಯಾಂಡ್, ಫ್ರಾನ್ಸಿನ ರೆನೊ, ಅಮೆರಿಕದ ಮೆನಾಸ್ಕೊ ಮತ್ತು ರೇಂಜರ್, ಜೆಕೊಸ್ಲೊವಾಕಿಯಾದ ವಾಲ್ಟರ್, ಜರ್ಮನಿಯ ಹಿರ್ತ್ ಎಲ್ಲರೂ ಇದೇ ದಾರಿ ಹಿಡಿದರು.

ಯಾವ ಎಂಜಿನ್ನನ್ನು ಎದುರಿಗೆ ಇಟ್ಟುಕೊಂಡೆ

ನನ್ನ ಅಳತೆಗಳು ಜೆಕ್ ಎಂಜಿನ್ ಎಂ 337ರವು. ಬೋರ್ (ಸಿಲಿಂಡರಿನ ಒಳವ್ಯಾಸ) 105 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 115 ಮಿ.ಮೀ., ಆರು ಸಿಲಿಂಡರ್ ಸೇರಿ 5.97 ಲೀಟರ್. ಕಂಪ್ರೆಷನ್ ಅನುಪಾತ, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಸಣ್ಣ ಜಾಗಕ್ಕೆ ಒತ್ತುತ್ತದೆ ಅನ್ನುವುದು, 6.3. ಇದನ್ನೇ ಆರಿಸಲು ಬಲವಾದ ಕಾರಣ ಇದೆ. ಇದೇ ಬೋರ್, ಇದೇ ಸ್ಟ್ರೋಕ್ ಇರುವ, ಸೂಪರ್‌ಚಾರ್ಜರ್ ಇಲ್ಲದ ತಮ್ಮ ಒಬ್ಬನಿದ್ದಾನೆ: ಎಂ 137. ಇಬ್ಬರೂ ಓಡುವುದು 2750 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು). ಎಂ 137 ಕೊಡುವುದು 180 ಎಚ್‌ಪಿ, ಎಂ 337 ಕೊಡುವುದು 210. ಸೂಪರ್‌ಚಾರ್ಜರ್ ಒಂದರಿಂದಲೇ ಏನು ಸಿಕ್ಕಿತು ಅಂತ ಇಷ್ಟು ನೇರವಾಗಿ ತೋರಿಸುವ ಜೋಡಿ ಸಿಗುವುದು ಅಪರೂಪ.

ಶಕ್ತಿಯನ್ನು ಪಿಸ್ಟನ್ ಮೇಲಿನ ಸರಾಸರಿ ಒತ್ತಡಕ್ಕೆ ತಿರುಗಿಸಿ ನೋಡಿದರೆ ಹೋಲಿಕೆ ಇನ್ನೂ ಸ್ಪಷ್ಟ. ಡಿ ಹ್ಯಾವಿಲ್ಯಾಂಡ್‌ನ 1932ರ ಜಿಪ್ಸಿ ಮೇಜರ್, ನಾಲ್ಕು ಸಿಲಿಂಡರ್, 6.12 ಲೀಟರ್, 2350 ಆರ್‌ಪಿಎಂನಲ್ಲಿ 130 ಎಚ್‌ಪಿ: ಸುಮಾರು 8 ಬಾರ್. ಎಂ 137ರದ್ದು 9.6 ಬಾರ್. ಎಂ 337ರದ್ದು 11.2 ಬಾರ್. ಅಂದರೆ ಜಿಪ್ಸಿ ಮೇಜರ್‌ಗಿಂತ ಚೂರು ಚಿಕ್ಕದಾದ ಎಂಜಿನ್ 80 ಎಚ್‌ಪಿ ಜಾಸ್ತಿ ಕೊಡುತ್ತಿದೆ. ಅದರಲ್ಲಿ ಸೂಪರ್‌ಚಾರ್ಜರ್ ಪಾಲು 30. ಉಳಿದದ್ದರಲ್ಲಿ ಸ್ವಲ್ಪ ದೊಡ್ಡ ಪಾಲು ಜಾಸ್ತಿ ಸರಾಸರಿ ಒತ್ತಡದ್ದು, ಮಿಕ್ಕದ್ದು ಜಾಸ್ತಿ ಆರ್‌ಪಿಎಂನದ್ದು.

ಇಂಪೆಲ್ಲರ್ ಲೆಕ್ಕ

ಇಲ್ಲಿ ನಾನು ತುಂಬಾ ಹೊತ್ತು ಕೂತಿದ್ದೇನೆ. ಸೂಪರ್‌ಚಾರ್ಜರ್ ಅಂದರೆ ಗೇರ್‌ನಿಂದ ತಿರುಗುವ ಒಂದು ಚಕ್ರ. ಅದು ಗಾಳಿಯನ್ನು ಮಧ್ಯದಲ್ಲಿ ಒಳಗೆಳೆದು ಅಂಚಿನಿಂದ ಹೊರಗೆಸೆಯುತ್ತದೆ. ಎಷ್ಟು ಒತ್ತಡ ಬರುತ್ತದೆ ಅನ್ನುವುದು ಅಂಚಿನ ವೇಗದ ವರ್ಗದ ಮೇಲೆ ನಿಂತಿದೆ. ನಾನು ಆರಿಸಿಕೊಂಡ ಗುರಿ ಸಾಧಾರಣವಾದದ್ದು: ಹೊರಗಿನ ಒತ್ತಡದ 1.25 ಪಟ್ಟು. ಗೇರ್ ಅನುಪಾತ 7.4. ಆಗ 2750 ಆರ್‌ಪಿಎಂಗೆ ಇಂಪೆಲ್ಲರ್ ವೇಗ ಸುಮಾರು 20,350 ಆರ್‌ಪಿಎಂ. ಶೇ 65 ದಕ್ಷತೆ ಅಂತ ಹಿಡಿದರೆ ಅಂಚಿನ ವೇಗ ಸೆಕೆಂಡಿಗೆ 182 ಮೀಟರ್ ಬೇಕು. ವ್ಯಾಸ 171 ಮಿ.ಮೀ. ಬಂತು. ಎಂಜಿನ್ನಿನ ಹಿಂಬದಿಯಲ್ಲಿ ಸುಲಭವಾಗಿ ಕೂರುವ ಗಾತ್ರ.

ಈಗ ಮುಖ್ಯ ವಿಷಯ. ಒತ್ತಡ ಶೇ 25 ಏರಿತು, ಸರಿ. ಆದರೆ ಸೈಕಲ್ ಪಂಪ್ ಹೊಡೆದಾಗ ಪಂಪ್ ಬಿಸಿಯಾಗುವ ಹಾಗೆ ಇಲ್ಲೂ ಗಾಳಿ ಬಿಸಿಯಾಗುತ್ತದೆ. 15 ಡಿಗ್ರಿಯಲ್ಲಿ ಒಳಗೆ ಹೋದದ್ದು 44 ಡಿಗ್ರಿಯಲ್ಲಿ ಹೊರಗೆ ಬರುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆ. ಹಾಗಾಗಿ ಸಿಲಿಂಡರಿಗೆ ನಿಜವಾಗಿ ಸಿಗುವ ಗಾಳಿಯ ಸಾಂದ್ರತೆ ಏರುವುದು ಶೇ 13.5 ಮಾತ್ರ. ಎಂಜಿನ್ ಉರಿಸುವುದು ಒತ್ತಡವನ್ನಲ್ಲ, ಗಾಳಿಯ ತೂಕವನ್ನು. ಅಲ್ವಾ?

ಎಂ 137ರ 180 ಎಚ್‌ಪಿಗೆ ಘರ್ಷಣೆಯಲ್ಲಿ ಕಳೆದುಹೋಗುವ 25 ಎಚ್‌ಪಿ ಸೇರಿಸಿದೆ. ಇದು ನನ್ನ ಅಂದಾಜು. ಸಿಲಿಂಡರ್ ಒಳಗಿನ ಒಟ್ಟು ಶಕ್ತಿ 205. ಅದು ಶೇ 13.5 ಏರಿದರೆ ಸುಮಾರು 233. ಘರ್ಷಣೆಯ 25 ಕಳೆಯಬೇಕು. ಇಂಪೆಲ್ಲರ್ ತಾನೇ ತಿನ್ನುವ 6.5 ಎಚ್‌ಪಿ ಕಳೆಯಬೇಕು. ಉಳಿದದ್ದು 201. ಕಾರ್ಖಾನೆಯ 210ಕ್ಕೂ ಇದಕ್ಕೂ ಇರುವ ಅಂತರ ಎಲ್ಲಿಂದ ಬರುತ್ತದೆ ಅಂತ ಹುಡುಕಿದ್ದೇ ಈ ಕಂತಿನ ಖುಷಿಯ ಭಾಗ.

ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು: ಗಾಳಿ ಒತ್ತಡದಿಂದಲೇ ಒಳಗೆ ನುಗ್ಗುವಾಗ ಪಿಸ್ಟನ್ ಅದನ್ನು ಎಳೆಯಬೇಕಿಲ್ಲ, ಗಾಳಿಯೇ ಪಿಸ್ಟನ್ನನ್ನು ಕ್ರ್ಯಾಂಕ್ ಕಡೆಗೆ, ಅಂದರೆ ಇಲ್ಲಿ ಮೇಲಕ್ಕೆ, ದೂಡುತ್ತದೆ. ಕಾಲು ಬಾರ್ ವ್ಯತ್ಯಾಸಕ್ಕೆ ಇದರಿಂದ 4.7 ಎಚ್‌ಪಿ ವಾಪಸ್ ಸಿಗುತ್ತದೆ. ಇಂಪೆಲ್ಲರ್ ತಿಂದದ್ದರಲ್ಲಿ ಬಹುಪಾಲು ವಸೂಲಾದ ಹಾಗೆ. ಎರಡನೆಯದು: ಪಿಸ್ಟನ್ ತುದಿ ಮುಟ್ಟಿದಾಗ ಹೆಡ್‌ನಲ್ಲಿ ಉಳಿದಿರುವ ಹಳೇ ಹೊಗೆ ಇದೆಯಲ್ಲ, ಅದನ್ನು ಹೊಸ ಗಾಳಿ ಒತ್ತಿ ಸಣ್ಣದು ಮಾಡುತ್ತದೆ. ಆ ಜಾಗವೂ ಹೊಸ ಗಾಳಿಗೆ ಸಿಗುತ್ತದೆ. ಮೊದಲನೆಯದನ್ನು ಸೇರಿಸಿದ ಕೂಡಲೇ ಲೆಕ್ಕ 206ಕ್ಕೆ ಬಂತು. ಎರಡನೆಯದು ಉಳಿದ ಅಂತರವನ್ನು ಆರಾಮಾಗಿ ತುಂಬುತ್ತದೆ. ಇಷ್ಟು ಸರಳ ಮಾದರಿಗೆ ಈ ಉತ್ತರ ನನಗೆ ತುಂಬಾ ತೃಪ್ತಿ ಕೊಟ್ಟಿದೆ.

ಎತ್ತರಕ್ಕೆ ಹೋದರೆ ಇನ್ನೊಂದು ಲಾಭ. ತಣ್ಣನೆ ಗಾಳಿಯಲ್ಲಿ ಅದೇ ಇಂಪೆಲ್ಲರ್ ಸ್ವಲ್ಪ ಜಾಸ್ತಿ ಒತ್ತಡ ಕಟ್ಟುತ್ತದೆ. ಸುಮಾರು 1900 ಮೀಟರ್ ಎತ್ತರದವರೆಗೂ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ, ಅಂದರೆ ಮ್ಯಾನಿಫೋಲ್ಡ್‌ನಲ್ಲಿ, ಸಮುದ್ರಮಟ್ಟದ ಒತ್ತಡ ಉಳಿಯುತ್ತದೆ.

ಹಾಗಾದರೆ ಇನ್ನೂ ಜಾಸ್ತಿ ಬೂಸ್ಟ್ ಯಾಕೆ ಬೇಡ?

ಲೆಕ್ಕದ ಹಾಳೆಯಲ್ಲಿ ಅಂಚಿನ ವೇಗವನ್ನು 250 ಮೀಟರಿಗೆ ಏರಿಸಿ ನೋಡಿದೆ. ಒತ್ತಡ 1.5 ಪಟ್ಟು ಆಯಿತು. ಗಾಳಿ 70 ಡಿಗ್ರಿ ಮುಟ್ಟಿತು. ಸಾಂದ್ರತೆ ಶೇ 26 ಏರಿತು. ಚೆನ್ನಾಗೇ ಕಾಣುತ್ತದೆ. ಆದರೆ ಸಿಲಿಂಡರ್ ಒಳಗೆ ಕಂಪ್ರೆಷನ್ ಮುಗಿಯುವ ಹೊತ್ತಿಗೆ ಆ ಹೆಚ್ಚುವರಿ 55 ಡಿಗ್ರಿ ಬೆಳೆದು ಸುಮಾರು 95 ಡಿಗ್ರಿ ಆಗಿರುತ್ತದೆ. ಮೊದಲಿನ ಬೂಸ್ಟ್‌ನಲ್ಲಿ ಇದು 50 ಡಿಗ್ರಿ ಇತ್ತು. ಇಂಧನ ತಾನಾಗೇ ಸಿಡಿಯುವ ಅಪಾಯ, ಅಂದರೆ ನಾಕಿಂಗ್, ಇಲ್ಲಿಂದ ಶುರು. ನಾಕಿಂಗ್ ತಡೆಯಲು ಕಂಪ್ರೆಷನ್ ಅನುಪಾತ ಇಳಿಸಬೇಕು. ಇಳಿಸಿದರೆ ಸೂಪರ್‌ಚಾರ್ಜರ್ ಬೇಡವಾದಾಗಲೂ ಇಂಧನ ಜಾಸ್ತಿ ಕುಡಿಯುತ್ತದೆ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹಾಕಬಹುದು ನಿಜ. ಆದರೆ ಈ ಎಂಜಿನ್ನಿನ ಇಡೀ ಅರ್ಥವೇ ಅದರ ಕಿರಿದಾದ ಮೂತಿ. ಅಲ್ಲಿ ಇನ್ನೊಂದು ರೇಡಿಯೇಟರ್ ತುರುಕುವುದು ನನಗೆ ಸರಿ ಕಾಣಲಿಲ್ಲ. 1.25ರಲ್ಲೇ ನಿಲ್ಲಿಸಿದ್ದೇನೆ.

ರೇಸಿಂಗ್ ವಿಮಾನಗಳವರು ನಿಲ್ಲಿಸಲಿಲ್ಲ, ಅವರಿಗೆ ನಿಲ್ಲಿಸುವ ಅಗತ್ಯವೂ ಇರಲಿಲ್ಲ. ಫ್ರಾನ್ಸಿನ ಕೂಪ್ ಡಾಯ್ಚ್ ರೇಸಿನ ನಿಯಮದಲ್ಲಿ ಎಂಜಿನ್ ಗಾತ್ರಕ್ಕೆ 8 ಲೀಟರ್ ಮಿತಿ ಇತ್ತು. ಗಾತ್ರ ಬೆಳೆಸುವ ಹಾಗಿಲ್ಲ ಅಂದಾಗ ಉಳಿಯುವ ದಾರಿ ಸೂಪರ್‌ಚಾರ್ಜರ್. ಮಾರ್ಸೆಲ್ ರಿಫಾರ್ ವಿನ್ಯಾಸ ಮಾಡಿದ ಕೊಡ್ರೊನ್ ವಿಮಾನಗಳು ರೆನೊದ ತಲೆಕೆಳಗಾದ ಆರು ಸಿಲಿಂಡರ್ ಎಂಜಿನ್ ಹೊತ್ತು ಅಲ್ಲಿ ಮೆರೆದವು. 1934ರ ಡಿಸೆಂಬರ್‌ನಲ್ಲಿ ರೇಮಂಡ್ ಡೆಲ್ಮೊತ್ ಕೊಡ್ರೊನ್ ಸಿ.460ರಲ್ಲಿ ಗಂಟೆಗೆ 505 ಕಿ.ಮೀ. ದಾಟಿ, ನೀರಿನಿಂದಲ್ಲದೆ ನೆಲದಿಂದ ಹಾರುವ ವಿಮಾನಗಳ ವೇಗದ ದಾಖಲೆ ಮುರಿದರು. 1936ರಲ್ಲಿ ಮಿಶೆಲ್ ಡೆಟ್ರೊಯಾ ಅದೇ ಮಾದರಿಯ ವಿಮಾನವನ್ನು ಅಮೆರಿಕಕ್ಕೆ ಒಯ್ದು ಅಲ್ಲಿನ ವಿಮಾನ ರೇಸುಗಳಾದ ಥಾಂಪ್ಸನ್ ಟ್ರೋಫಿ, ಗ್ರೀವ್ ಟ್ರೋಫಿ ಎರಡನ್ನೂ ಗೆದ್ದರು. ಮರುವರ್ಷ ಥಾಂಪ್ಸನ್ ಗೆದ್ದ ರೂಡಿ ಕ್ಲಿಂಗ್ ಅವರ ಪುಟ್ಟ ಫೋಕರ್ಟ್ಸ್ ವಿಮಾನದಲ್ಲಿ ಇದ್ದದ್ದು ಮೆನಾಸ್ಕೊದ ಸೂಪರ್‌ಚಾರ್ಜ್ಡ್ ಆರು ಸಿಲಿಂಡರ್. ರೇಸ್ ಎಂಜಿನ್ ರೇಸ್ ಮುಗಿಯುವವರೆಗೆ ಬಾಳಿದರೆ ಸಾಕು. ನನ್ನ ಎಂಜಿನ್ ದಿನವಿಡೀ ಹಾರಬೇಕು.

ಅದಕ್ಕೇ ಜೆಕ್ ಎಂಜಿನಿಯರುಗಳ ಉಪಾಯ ನನಗೆ ಅಷ್ಟು ಇಷ್ಟ. ಎಂ 337ರಲ್ಲಿ ಸೂಪರ್‌ಚಾರ್ಜರ್‌ಗೆ ಕ್ಲಚ್ ಇದೆ. ಟೇಕಾಫ್‌ಗೆ, ಏರುವಾಗ ಹಾಕಿಕೊಳ್ಳಬಹುದು. ಆಮೇಲೆ ಬಿಡಿಸಿಬಿಡಬಹುದು. ಸುಮ್ನೆ ತಿರುಗಿಸಿ ಶಕ್ತಿ ಹಾಳು ಮಾಡುವುದೂ ಇಲ್ಲ, ಗಾಳಿ ಸುಮ್ನೆ ಬಿಸಿಯಾಗುವುದೂ ಇಲ್ಲ. ಇದೇ ಕ್ಲಚ್ ನನ್ನ ಡ್ರಾಯಿಂಗ್‌ನಲ್ಲೂ ಇದೆ.

ಕ್ಲಚ್‌ನಿಂದ ಇನ್ನೊಂದು ಉಪಕಾರ. ಗೇರ್ ಮೂಲಕ ನೋಡಿದಾಗ ಇಂಪೆಲ್ಲರ್‌ನ ಜಡತ್ವ ಕ್ರ್ಯಾಂಕ್‌ಗೆ ಅನುಪಾತದ ವರ್ಗದಷ್ಟು ದೊಡ್ಡದಾಗಿ ಕಾಣುತ್ತದೆ. 7.4ರ ವರ್ಗ ಸುಮಾರು 55. ಅಂಗೈ ಅಗಲದ ಅಲ್ಯೂಮಿನಿಯಂ ಚಕ್ರ ಕ್ರ್ಯಾಂಕ್‌ನ ಹಿಂತುದಿಯಲ್ಲಿ ಒಂದು ಫ್ಲೈವೀಲ್ ಆಗಿಬಿಡುತ್ತದೆ. ಆರು ಸಿಲಿಂಡರಿನ ಕ್ರ್ಯಾಂಕ್ ಉದ್ದ, ತಿರುಚಿಕೊಳ್ಳುವುದು ಜಾಸ್ತಿ. ಪ್ರತಿ ಸಿಡಿತಕ್ಕೂ ಗೇರ್ ಹಲ್ಲಿಗೆ ಏಟು ಬೀಳುತ್ತದೆ. ಜಾರುವ ಕ್ಲಚ್ ಆ ಏಟನ್ನು ನುಂಗಿಕೊಳ್ಳುತ್ತದೆ. ದೊಡ್ಡ ಎಂಜಿನ್‌ಗಳಲ್ಲಿ, ಉದಾಹರಣೆಗೆ ತಲೆಕೆಳಗಾದ ವಿ12 ಆದ ಡೈಮ್ಲರ್-ಬೆಂಜ್ ಡಿಬಿ 601ರಲ್ಲಿ, ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಕಪ್ಲಿಂಗ್ ಇತ್ತು. ಹೊರಗಿನ ಒತ್ತಡ ನೋಡಿಕೊಂಡು ಅದು ಇಂಪೆಲ್ಲರ್ ವೇಗವನ್ನು ತಾನೇ ಬದಲಿಸುತ್ತಿತ್ತು. ಅದ್ಭುತ ಕೆಲಸ, ಆದರೆ 6 ಲೀಟರ್ ಎಂಜಿನ್‌ಗೆ ಅಷ್ಟೆಲ್ಲ ಬೇಡ.

ಎಣ್ಣೆ

ಇದು ಬೇಗ ಮುಗಿಯಿತು. ಸಿಲಿಂಡರ್ ಕೆಳಗಿದ್ದರೆ ಕ್ರ್ಯಾಂಕ್‌ಕೇಸಿನ ಎಣ್ಣೆ ಅದರೊಳಗೆ ಇಳಿಯಲು ನೋಡುತ್ತದೆ. ಹಾಗಾಗಿ ಸಿಲಿಂಡರ್ ಬ್ಯಾರೆಲ್‌ಗಳ ಬಾಯಿಯನ್ನು ಕ್ರ್ಯಾಂಕ್‌ಕೇಸ್ ಒಳಕ್ಕೆ ಚಾಚಿಸಿದ್ದೇನೆ. ಎಣ್ಣೆ ಅದರ ಸುತ್ತ ನಿಲ್ಲುತ್ತದೆ, ಸ್ಕ್ಯಾವೆಂಜ್ ಪಂಪ್ ಎಳೆದು ಟ್ಯಾಂಕಿಗೆ ಕಳಿಸುತ್ತದೆ. ಆದರೂ ನಿಂತ ಎಂಜಿನ್ನಿನಲ್ಲಿ ಸ್ವಲ್ಪ ಎಣ್ಣೆ ಇಳಿದೇ ಇಳಿಯುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಇಗ್ನಿಷನ್ ಆಫ್ ಮಾಡಿ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ ನೋಡುವುದು ಇದಕ್ಕೇ. ಎಣ್ಣೆ ಒತ್ತಿಕೊಳ್ಳುವುದಿಲ್ಲ, ಅದು ತುಂಬಿದ ಸಿಲಿಂಡರಿಗೆ ಸ್ಟಾರ್ಟರ್ ಬಲ ಬಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ತಣಿಸುವ ಗಾಳಿ

ಬಾಕಿ ಇರುವ ದೊಡ್ಡ ಕೆಲಸ ಇದು. ಒಂದರ ಹಿಂದೆ ಒಂದು ನಿಂತ ಸಿಲಿಂಡರ್‌ಗಳಿಗೆ ಮುಂದಿನಿಂದ ನೇರ ಗಾಳಿ ಬಿಟ್ಟರೆ ಹಿಂದಿನವು ಬೇಯುತ್ತವೆ. ಅದಕ್ಕೇ ಎಂಜಿನ್ನಿನ ಒಂದು ಪಕ್ಕಕ್ಕೆ ಗಾಳಿಯ ದಾರಿ ಕೊಟ್ಟು, ಪ್ರತಿ ಸಿಲಿಂಡರಿನ ಫಿನ್‌ಗಳ (ಶಾಖ ಬಿಡುವ ತೆಳು ರೆಕ್ಕೆಗಳ) ಮಧ್ಯೆ ಅಡ್ಡ ಹಾಯಿಸಿ, ಇನ್ನೊಂದು ಪಕ್ಕದಿಂದ ಹೊರಗೆ ಬಿಡುತ್ತಾರೆ. ಆರನೇ ಸಿಲಿಂಡರಿಗೂ ಹೊಸ ಗಾಳಿಯೇ ಸಿಗುತ್ತದೆ.

ಸಣ್ಣದೊಂದು ಪರೀಕ್ಷೆ ಮಾಡಿದೆ. ಫಿನ್ ಇರುವ ಆರು ಲೋಹದ ಕೊಳವೆ, ಒಳಗೆ ಒಂದೇ ಅಳತೆಯ ಹೀಟರ್, ಒಂದು ಬ್ಲೋವರ್, ಪ್ರತಿಯೊಂದಕ್ಕೂ ಬಿಸಿ ಅಳೆಯುವ ಥರ್ಮೊಕಪಲ್. ದಾರಿ ಉದ್ದಕ್ಕೂ ಒಂದೇ ಅಗಲ ಇದ್ದಾಗ ಎಲ್ಲಕ್ಕಿಂತ ಬಿಸಿಯಾದದ್ದು ಮೊದಲನೆಯದು, ಕೊನೆಯದಲ್ಲ. ಕಾರಣ ಇದೆ. ಬಾಯಿಯ ಹತ್ತಿರ ಗಾಳಿ ಜೋರಾಗಿ ಓಡುತ್ತಿರುತ್ತದೆ, ಅಲ್ಲಿ ಅದರ ಒತ್ತಡ ಕಡಿಮೆ. ಪಕ್ಕಕ್ಕೆ ತಿರುಗದೆ ಮುಂದೆ ಹೋಗುತ್ತದೆ. ಮುಚ್ಚಿದ ತುದಿಯಲ್ಲಿ ನಿಧಾನವಾಗಿ ಒತ್ತಡ ಕಟ್ಟುತ್ತದೆ. ದಾರಿಯನ್ನು ಹಿಂದೆ ಹೋದ ಹಾಗೆ ಕಿರಿದು ಮಾಡಿದ ಮೇಲೆ ಆರೂ ಹತ್ತಿರ ಹತ್ತಿರ ಬಂದವು. ಹಳೇ ಎಂಜಿನ್‌ಗಳ ಪಕ್ಕದ ಕೌಲಿಂಗ್ (ಹೊದಿಕೆ) ಹಿಂದಕ್ಕೆ ಸಪೂರವಾಗುತ್ತಾ ಹೋಗುವುದು ನೋಡಿದಾಗ ಈಗ ಬೇರೆಯೇ ಗೌರವ ಮೂಡುತ್ತದೆ.

ಇನ್ನೂ ದೊಡ್ಡ ಪರಿಣಾಮ ಬೀರಿದ್ದು ಗಾಳಿಯನ್ನು ಫಿನ್‌ಗಳ ಮಧ್ಯೆಯೇ ಹಾಯಿಸುವ ಬ್ಯಾಫಲ್ ತಗಡುಗಳು. ಫಿನ್‌ಗೂ ತಗಡಿಗೂ ನಡುವೆ ಚೂರು ಸಂದಿ ಬಿಟ್ಟರೂ ಗಾಳಿ ಆ ಸುಲಭದ ದಾರಿ ಹಿಡಿದು ಫಿನ್ ಮುಟ್ಟದೆ ಹೊರಟು ಹೋಗುತ್ತದೆ. ಅಮೆರಿಕದ ರೇಂಜರ್ ವಿ-770, ಸೂಪರ್‌ಚಾರ್ಜ್ಡ್, ಗಾಳಿಯಿಂದ ತಣಿಯುವ ತಲೆಕೆಳಗಾದ ವಿ12, ಕರ್ಟಿಸ್ ಸೀಮ್ಯೂ ವಿಮಾನದಲ್ಲಿ ಬಿಸಿಯ ತೊಂದರೆಗೇ ಹೆಸರು ಕೆಡಿಸಿಕೊಂಡಿತು. ಅದೇ ಹೊತ್ತಿಗೆ, ಡಿ ಹ್ಯಾವಿಲ್ಯಾಂಡ್‌ನ 10.18 ಲೀಟರಿನ ಸೂಪರ್‌ಚಾರ್ಜ್ಡ್ ಜಿಪ್ಸಿ ಕ್ವೀನ್ 70 ಸರಣಿ 1945ರಲ್ಲಿ ಮೊದಲು ಹಾರಿದ ಡವ್ ವಿಮಾನದಲ್ಲಿ ವರ್ಷಗಟ್ಟಲೆ ದುಡಿಯಿತು. ಅದೂ ತಣಿಯುತ್ತಿದ್ದದ್ದು ಗಾಳಿಯಿಂದಲೇ.

ಮುಂದಿನ ಕೆಲಸ ಹೆಡ್ ಸುತ್ತಲಿನ ಬ್ಯಾಫಲ್. ಎಕ್ಸಾಸ್ಟ್ ವಾಲ್ವ್ ಇರುವ ಕಡೆ ಫಿನ್‌ಗಳನ್ನು ಆಳ ಮಾಡಿ, ತಗಡನ್ನು ಇನ್ನಷ್ಟು ಹಿಂದಕ್ಕೆ ಸುತ್ತಿಸಿ, ಹೊರಹೋಗುವ ಸಂದಿಯ ಅಗಲ ಬದಲಿಸುತ್ತಾ ಅಳೆಯಬೇಕು. ಹೀಟರ್‌ಗಳನ್ನು ಎರಡು ಮಟ್ಟದಲ್ಲಿ ಇಡುತ್ತೇನೆ: ಒಂದು ಕ್ಲಚ್ ಬಿಟ್ಟಾಗಿನ ಶಾಖಕ್ಕೆ, ಇನ್ನೊಂದು ಬೂಸ್ಟ್ ಹಾಕಿದಾಗಿನ ಶಾಖಕ್ಕೆ. ಎರಡನೇ ಮಟ್ಟದಲ್ಲಿ ಹೆಡ್ ಎಷ್ಟು ಬೇಗ ಬಿಸಿ ಏರುತ್ತದೆ ಅನ್ನುವುದರಿಂದ ಬೂಸ್ಟ್‌ನ ಸಮಯದ ಮಿತಿಯನ್ನು ಲೆಕ್ಕದ ಹಾಳೆಗೆ ಸೇರಿಸುತ್ತೇನೆ. ಆಮೇಲೆ ಹೆಡ್‌ನ ಪ್ರಿಂಟ್.