ಸ್ವಿಟ್ಜರ್ಲೆಂಡಿಗೆ ಸರಕು ಕಳುಹಿಸುವ ಮುನ್ನ ಕೌಬ್‌ನ ನೀರಿನ ಮಟ್ಟ ನೋಡಿ

ಪೀಣ್ಯದ ಕಾರ್ಖಾನೆಯೊಂದರಿಂದ ಸ್ವಿಟ್ಜರ್ಲೆಂಡಿನ ಯಂತ್ರ ತಯಾರಕರಿಗೆ ಎರಕದ ಬಿಡಿಭಾಗಗಳನ್ನು ಕಳುಹಿಸುವುದು ನನ್ನ ಕೆಲಸ. 1953ರಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್‌ನ ಸಹಯೋಗದಿಂದ ಎಚ್‌ಎಂಟಿ ಹುಟ್ಟಿದ ಊರು ನಮ್ಮದು. ಇಲ್ಲಿಂದ ಈಗ ಅಲ್ಲಿಗೇ ಯಂತ್ರದ ಭಾಗಗಳು ಹೋಗುತ್ತಿರುವುದು ನನಗೆ ನಿಜಕ್ಕೂ ಹೆಮ್ಮೆ.

ಕಂಟೇನರ್ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಬಂದರು ಮುಟ್ಟಿತು ಎಂದರೆ ಹೊಸದಾಗಿ ಸೇರಿದವರು ನಿರಾಳರಾಗುತ್ತಾರೆ. ನನಗೆ ಚಿಂತೆ ಹತ್ತುವುದೇ ಅಲ್ಲಿಂದ ಮುಂದೆ. ಸ್ವಿಟ್ಜರ್ಲೆಂಡಿಗೆ ಕಡಲಿಲ್ಲ. ಸ್ವಿಸ್ ರಫ್ತಿನ ಮೌಲ್ಯದಲ್ಲಿ ಸುಮಾರು ಅರ್ಧದಷ್ಟು ಔಷಧ ಮತ್ತು ರಾಸಾಯನಿಕಗಳದು. ಹಗುರವಾದ ದುಬಾರಿ ಔಷಧ ವಿಮಾನದ ಬಾಡಿಗೆಯನ್ನು ತಾಳಿಕೊಳ್ಳುತ್ತದೆ. ಹೊರಗಿನಿಂದ ಬರುವ ಪೆಟ್ರೋಲಿಯಂ, ಉಕ್ಕು, ಧಾನ್ಯಕ್ಕೆ ಆ ಭಾಗ್ಯವಿಲ್ಲ. ನಮ್ಮ ಎರಕವೂ ಅದೇ ಸಾಲಿನದು, ರೈನ್ ನದಿಯ ಬಾರ್ಜ್, ಅಂದರೆ ಚಪ್ಪಟೆ ತಳದ ಸರಕು ದೋಣಿ, ಏರಿಯೇ ಸ್ವಿಸ್ ಗಡಿಯ ಬಾಸೆಲ್ ನಗರ ಸೇರಬೇಕು.

ದಾರಿಯಲ್ಲಿ, ಜರ್ಮನಿಯ ಮೈಂಟ್ಸ್ ಮತ್ತು ಕೋಬ್ಲೆಂಟ್ಸ್ ನಡುವೆ, ಕೌಬ್ ಎಂಬ ಪುಟ್ಟ ಊರಿದೆ. ನದಿ ಅಲ್ಲಿ ಆಳವಿಲ್ಲದೆ ಹರಿಯುತ್ತದೆ. ಅಲ್ಲಿನ ನೀರಿನ ಮಾಪಕ ಏನು ಹೇಳುತ್ತದೆಯೋ ಅಷ್ಟೇ ಸರಕನ್ನು ಬಾರ್ಜ್ ತುಂಬಿಕೊಳ್ಳುತ್ತದೆ. ಮಾಪಕದ ಅಂಕಿಯೇ ನದಿಯ ಆಳವಲ್ಲ, ಹಡಗು ಹೋಗುವ ಹಾದಿ ಅದಕ್ಕಿಂತ ಒಂದು ಮೀಟರಿಗೂ ಹೆಚ್ಚು ಆಳವಿರುತ್ತದೆ. ಆದರೂ 2018ರ ಅಕ್ಟೋಬರಿನಲ್ಲಿ ಮಾಪಕ 25 ಸೆಂಟಿಮೀಟರಿಗೆ ಇಳಿದಾಗ ಬಾರ್ಜ್‌ಗಳು ತಮ್ಮ ಸಾಮರ್ಥ್ಯದ ಸಣ್ಣ ಪಾಲನ್ನಷ್ಟೇ ಹೊತ್ತವು. ಸ್ವಿಸ್ ಸರ್ಕಾರವೇ ತುರ್ತು ಕಾಲಕ್ಕೆಂದು ಕಡ್ಡಾಯವಾಗಿ ಇರಿಸಿದ ಇಂಧನ ದಾಸ್ತಾನಿಗೆ ಕೈಹಾಕಬೇಕಾಯಿತು. 2022ರ ಆಗಸ್ಟಿನಲ್ಲೂ ನೀರು ಅಪಾಯದ ಮಟ್ಟಕ್ಕೆ ಬತ್ತಿತ್ತು.

ರೈಲಿದೆಯಲ್ಲ ಎನ್ನಬಹುದು. ಆದರೆ 2017ರಲ್ಲಿ ಜರ್ಮನಿಯ ರಾಸ್ಟಾಟ್ ಬಳಿ ಸುರಂಗದ ಕಾಮಗಾರಿಯಲ್ಲಿ ಹಳಿ ಕುಸಿದು, ರೈನ್ ಕಣಿವೆಯ ಆ ಮಾರ್ಗ ಆಗಸ್ಟ್ 12ರಿಂದ ಅಕ್ಟೋಬರ್ ಆರಂಭದವರೆಗೆ ಮುಚ್ಚಿತ್ತು. ನೀರು ಇಳಿದ ದಿನಗಳಲ್ಲಿ ಎಲ್ಲರೂ ರೈಲಿಗೇ ಮುಗಿಬೀಳುವುದರಿಂದ ಅಲ್ಲಿಯೂ ಜಾಗ ಸಿಗುವುದು ಕಷ್ಟ.

2024ರ ಜನವರಿ 1ರಿಂದ ಸ್ವಿಟ್ಜರ್ಲೆಂಡ್ ಕೈಗಾರಿಕಾ ವಸ್ತುಗಳ ಆಮದು ಸುಂಕವನ್ನು ತೆಗೆದುಹಾಕಿತು, ಬಹಳ ಒಳ್ಳೆಯದು. ಆದರೆ ನೀರು ಇಳಿದಾಗ ಬಾರ್ಜ್ ಕಂಪನಿಗಳು ಹೇರುವ ಹೆಚ್ಚುವರಿ ಶುಲ್ಕಕ್ಕೂ ಆ ಸುಂಕಕ್ಕೂ ಸಂಬಂಧವಿಲ್ಲ. ಅದನ್ನು ಯಾರು ಕಟ್ಟಬೇಕೆಂಬುದು ಒಪ್ಪಂದದಲ್ಲಿ ಇಲ್ಲದಿದ್ದರೆ ಜಗಳ ಖಂಡಿತ. ನಮ್ಮಂತಹ ಸಣ್ಣ ಕಾರ್ಖಾನೆಗಳ ಲಾಭ ಅಲ್ಲಿಯೇ ಕರಗುತ್ತದೆ. ಹಾಗಾಗಿ ಬೆಲೆಪಟ್ಟಿಯಲ್ಲೇ ಅದಕ್ಕೊಂದು ಸಾಲು ಬರೆಯಿಸುತ್ತೇನೆ. ಆಲ್ಪ್ಸ್‌ನ ಹಿಮ ಕರಗಿ ಮುಗಿದ ಮೇಲೆ ನದಿಯ ನೀರು ಇಳಿಯಬಹುದಾದ್ದರಿಂದ, ಆಗಸ್ಟ್‌ನಿಂದ ನವೆಂಬರ್‌ವರೆಗೆ ತಲುಪಬೇಕಾದ ಆರ್ಡರ್‌ಗಳಿಗೆ ರೈಲಿನ ದರವನ್ನೂ ಮೊದಲೇ ತರಿಸಿಕೊಂಡಿರುತ್ತೇನೆ.