ಹಿಂಡಲಗಾ ಬಸ್ಸು, ಒಂದು ಜೆರಾಕ್ಸ್ ಕಟ್ಟು

2013ರ ಫೆಬ್ರವರಿ. ಕಾಲೇಜಿನ ಚರ್ಚಾಸ್ಪರ್ಧೆಗೆ ವಿಷಯ ‘ಮರಣದಂಡನೆ ಬೇಕೋ ಬೇಡವೋ’. ನಾನು ‘ಬೇಕು’ ಕಡೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ ಅನ್ನಿಸಿತ್ತು.

ನನ್ನೂರು ಕೊಳ್ಳೇಗಾಲದ ಹತ್ತಿರ. ವೀರಪ್ಪನ್ ಹೆಸರು ಕೇಳುತ್ತಲೇ ಬೆಳೆದವನು. ಮಾದಪ್ಪನ ಬೆಟ್ಟಕ್ಕೆ ಹೋದರೆ ಕತ್ತಲಾಗುವ ಮುಂಚೆ ಇಳಿದುಬಿಡಬೇಕು ಅಂತ ಅಜ್ಜಿ ಪ್ರಸಾದ ತಿನ್ನೋಕೂ ಪುರುಸೊತ್ತು ಕೊಡುತ್ತಿರಲಿಲ್ಲ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ಅವನ ಗ್ಯಾಂಗ್ ಇಟ್ಟ ನೆಲಬಾಂಬ್ ಸಿಡಿದು ಪೊಲೀಸರು, ಅರಣ್ಯ ಇಲಾಖೆಯವರು, ಮಾಹಿತಿದಾರರು ಸೇರಿ 22 ಜನ ಸತ್ತಿದ್ದರು. ಆ ಕೇಸಿನ ನಾಲ್ವರು ಈಗ ನಮ್ಮ ಹಾಸ್ಟೆಲಿನಿಂದ ಒಂದು ಸಿಟಿ ಬಸ್ಸಿನ ದೂರದಲ್ಲಿ, ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. ರಾಜ್ಯದಲ್ಲಿ ನೇಣುಗಂಬ ಇದ್ದದ್ದು ಅಲ್ಲೊಂದೇ.

ರಾಷ್ಟ್ರಪತಿಗಳು ಅವರ ಕ್ಷಮಾದಾನದ ಅರ್ಜಿ ತಿರಸ್ಕರಿಸಿದ್ದರು. 9ನೇ ತಾರೀಕು ದೆಹಲಿಯ ತಿಹಾರ್ ಜೈಲಿನಲ್ಲಿ, ಸಂಸತ್ ಮೇಲಿನ ದಾಳಿ ಕೇಸಿನ ಅಫ್ಜಲ್ ಗುರುವಿಗೆ ಸದ್ದಿಲ್ಲದೆ ಗಲ್ಲು ಆಗಿತ್ತು. ಹಾಗಾಗಿ ಇವರದ್ದೂ ಇವತ್ತೋ ನಾಳೆಯೋ ಅಂತ ಮೆಸ್‌ನಲ್ಲಿ ಮಾತು. ‘ಭಾನುವಾರ ಬೆಳಗ್ಗೆ ಅಂತೆ’ ಅಂದ ಒಬ್ಬ. ಅನ್ನುತ್ತಲೇ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ನಾನೂ ಹಾಕಿಸಿಕೊಂಡೆ.

ಭಾಷಣ ಒಪ್ಪಿಸಲು ಮೇಡಂ ಹತ್ತಿರ ಹೋದೆ. ಪೂರ್ತಿ ಕೇಳಿ, ‘ಮೈಸೂರು ಕೋರ್ಟ್ ಇವರಿಗೆ ಏನು ಶಿಕ್ಷೆ ಕೊಟ್ಟಿತ್ತು, ಓದೀಯೇನಪಾ?’ ಅಂದರು. ಗಲ್ಲು ಅಂದೆ. ಅವರು ಬೀರುವಿನಿಂದ ಒಂದು ಜೆರಾಕ್ಸ್ ಕಟ್ಟು ತೆಗೆದು ಕೈಗಿಟ್ಟರು, ಅಷ್ಟೇ.

ರಾತ್ರಿ ಓದಿದೆ. ಮೈಸೂರಿನ ಟಾಡಾ ಕೋರ್ಟ್ (ಭಯೋತ್ಪಾದನೆ ತಡೆ ಕಾಯ್ದೆಯ ವಿಶೇಷ ಕೋರ್ಟ್) 2001ರಲ್ಲಿ ಕೊಟ್ಟಿದ್ದು ಜೀವಾವಧಿ. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ಈ ನಾಲ್ವರೇ. ಶಿಕ್ಷೆ ಇಳಿಯಲಿ ಅಂತ ಹೋದವರಿಗೆ 2004ರಲ್ಲಿ ಅದು ಗಲ್ಲಿಗೆ ಏರಿತು. ಅದೇ ಸಾಕ್ಷಿ, ಅದೇ ಕಾಗದ. ಕೆಳಗಿನವರು ಜೀವಾವಧಿ ಸಾಕು ಅಂದರು, ಮೇಲಿನವರು ಸಾಲದು ಅಂದರು. ಅದೇ ಕಟ್ಟಿನಲ್ಲಿ ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ಕೇಸೂ ಇತ್ತು. ‘ಅಪರೂಪದಲ್ಲಿ ಅಪರೂಪ’ದ ಕೇಸಿಗೆ ಮಾತ್ರ ಗಲ್ಲು ಅಂತ ನಾಲ್ವರು ನ್ಯಾಯಮೂರ್ತಿಗಳು ಹೇಳಿದಾಗ, ಪಿ.ಎನ್. ಭಗವತಿಯವರೊಬ್ಬರೇ ಒಪ್ಪಿರಲಿಲ್ಲ. ಯಾವ ಜಡ್ಜ್ ಮುಂದೆ ಕೇಸು ಬಂತು ಅನ್ನೋದರ ಮೇಲೆ ಜೀವ ನಿಲ್ಲುತ್ತದೆ ಅನ್ನೋದು ಅವರ ತಕರಾರು. ಮೇಡಂ ಆ ಸಾಲುಗಳ ಪಕ್ಕ ಪೆನ್ಸಿಲ್‌ನಲ್ಲಿ ಗೀಟು ಹಾಕಿದ್ದರು.

ಆ ನಾಲ್ವರ ಮೇಲೆ ನನಗೆ ಕನಿಕರ ಹುಟ್ಟಿತು ಅಂತಲ್ಲ. ಸುಳ್ಳು ಯಾಕೆ ಹೇಳಲಿ, ಈಗಲೂ ಇಲ್ಲ. ಆದರೆ ಜಡ್ಜ್ ಬದಲಾದರೆ ಕುತ್ತಿಗೆ ಉಳಿಯುತ್ತೆ, ಇಲ್ಲಾ ಹೋಗುತ್ತೆ ಅಂದರೆ, ಅದನ್ನು ನ್ಯಾಯ ಅನ್ನೋಕೆ ಆಮೇಲೆ ನನಗೆ ನಾಲಗೆ ಬರಲಿಲ್ಲ.

18ನೇ ತಾರೀಕು ಸುಪ್ರೀಂ ಕೋರ್ಟ್ ಗಲ್ಲಿಗೆ ತಡೆ ಕೊಟ್ಟಿತು. ಸ್ಪರ್ಧೆಯಲ್ಲಿ ನಾನು ‘ಬೇಕು’ ಅಂತಲೇ ಮಾತಾಡಬೇಕಾಯಿತು. ಹೆಸರು ಕೊಟ್ಟಾಗಿತ್ತಲ್ವಾ. ನಡುವೆ ಎರಡು ಸಲ ತಡವರಿಸಿದೆ. ಮೂರನೇ ಬಹುಮಾನ, ಒಂದು ಸ್ಟೀಲ್ ಲೋಟ.

2014ರ ಜನವರಿ 21ರಂದು ಈ ನಾಲ್ವರೂ ಸೇರಿ 15 ಜನರ ಗಲ್ಲು ಜೀವಾವಧಿಗೆ ಇಳಿಯಿತು. ಈ ನಾಲ್ವರ ಕ್ಷಮಾದಾನದ ಅರ್ಜಿಯನ್ನು ಒಂಬತ್ತು ವರ್ಷ ಕಾಯಿಸಿದ್ದೇ ಕಾರಣ. ಊರಿಗೆ ಫೋನ್ ಮಾಡಿ ಅಜ್ಜಿಗೆ ಹೇಳಿದೆ. ‘ಸತ್ತೋದೋರ ಮನೇವ್ರನ್ನ ಯಾರಾರ ಒಂದ್ಮಾತು ಕೇಳುದ್ರಾ ಮಗ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೋರ್ಟಿಗೆ ಹೋಗುವ ವಕೀಲ ನಾನೀಗ, ಆದರೂ ಇಲ್ಲ.

ಮೇಡಂ, ಇದನ್ನು ಓದುತ್ತಿದ್ದರೆ, ನಿಮ್ಮ ಜೆರಾಕ್ಸ್ ಕಟ್ಟು ಇನ್ನೂ ನನ್ನ ಹತ್ತಿರವೇ ಇದೆ. ನಾನೂ ಅಲ್ಲಲ್ಲಿ ಗೀಟು ಹಾಕಿದ್ದೇನೆ, ಬೈಯಬೇಡಿ.